ದುಡಿಯ ಸದ್ದಿಗೆ ಅಡ್ಡ ಬಂದ ಪುಸ್ತಕ

ಕಾದಂಬರಿ ಆಧರಿಸಿದ ಸಿನಿಮಾವನ್ನು ಮನೆಯಲ್ಲಿ ಹಾಕುವವರಿಗೆಲ್ಲ ನನ್ನದೊಂದು ಕೋರಿಕೆ. ಆ ಕಾದಂಬರಿಯನ್ನು ಪಾಠ ಮಾಡಿದವರ ಕೈಗೆ ರಿಮೋಟ್ ಕೊಡಬೇಡಿ. ಅವರು ಎಷ್ಟೇ ಹಿರಿಯರಾಗಿರಲಿ, ಎಷ್ಟೇ ಹತ್ತಿರದವರಾಗಿರಲಿ.

ಇಷ್ಟು ಖಾರವಾಗಿ ಹೇಳಲು ಕಾರಣ ನಮ್ಮ ಭಾವ, ಅಂದರೆ ನನ್ನ ಗಂಡನ ಅಣ್ಣ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಶಿವರಾಮ ಕಾರಂತರೆಂದರೆ ಅವರಿಗೆ ಪ್ರಾಣ. ‘ಚೋಮನ ದುಡಿ’ ಹಾಕುತ್ತೇನೆ ಅಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರೂ ಅವರೇ. ಬರುವಾಗ ಪುಟಪುಟಕ್ಕೂ ಪೆನ್ಸಿಲ್ ಗುರುತಿರುವ ಹಳೆಯ ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದರು.

ನಾನೇನು ಕಡಿಮೆ ತಯಾರಿ ಮಾಡಿರಲಿಲ್ಲ. 1975ರ ಕಪ್ಪು-ಬಿಳುಪು ಚಿತ್ರ. ಈಗಿನ ಅಗಲದ ಟಿವಿಗಳು ಅಂಥ ಚಿತ್ರವನ್ನು ಅಡ್ಡಕ್ಕೆ ಎಳೆದು ಪರದೆ ತುಂಬಿಸಿಬಿಡುತ್ತವೆ, ಎಂ.ವಿ. ವಾಸುದೇವರಾಯರ ಬಡಕಲು ಚೋಮ ಗುಂಡಗೆ ಕಾಣಿಸಿದರೆ ಕಥೆಯೇ ಸುಳ್ಳಾಯಿತಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ 4:3 ಮಾಡಿದೆ, ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ. ಚಲನೆಯನ್ನು ನುಣುಪಾಗಿಸುವ ಒಂದು ಆಯ್ಕೆ ಇರುತ್ತದೆ. ಕ್ರಿಕೆಟ್ಟಿಗೆ ಅದು ಸರಿ, ಸಿನಿಮಾಕ್ಕಲ್ಲ. ಅದನ್ನೂ ಆಫ್ ಮಾಡಿದೆ. ಟಿವಿಯ ತೆಳು ಸ್ಪೀಕರಿನಲ್ಲಿ ಚರ್ಮವಾದ್ಯದ ಗುಡುಗು ಏಳುವುದೇ ಇಲ್ಲವೆಂದು ಮಗನ ದೊಡ್ಡ ಸ್ಪೀಕರ್ ತಂದು ಜೋಡಿಸಿದೆ. ಇದೆಲ್ಲ ಅತ್ತೆಗಾಗಿ. ಅವರು ಪುತ್ತೂರು ಕಡೆಯವರು. ಕಾದಂಬರಿ ಓದಿದವರಲ್ಲ, ಆದರೆ ರಾತ್ರಿ ಹೊತ್ತು ಗುಡ್ಡದ ಆಚೆಯಿಂದ ಬರುತ್ತಿದ್ದ ದುಡಿಯ ಸದ್ದು ಕೇಳುತ್ತ ಬೆಳೆದವರು.

ಶುರುವಿನಿಂದಲೇ ಭಾವನ ಟಿಪ್ಪಣಿ ನಡೆದಿತ್ತು. “ಇಲ್ಲಿ ಕಾರಂತರು ಅವನ ಮನಸ್ಸಿನೊಳಗೆ ಇಳಿಯುತ್ತಾರೆ, ಇವರು ಬರೀ ಮುಖ ತೋರಿಸಿ ಮುಗಿಸಿದರು ನೋಡಮ್ಮ.” ತಡೆದುಕೊಂಡೆ. ಚೋಮನ ಕಿರಿಮಗ ನೀರಿನಲ್ಲಿ ಮುಳುಗುತ್ತಿದ್ದರೂ, ಮುಟ್ಟಬಾರದವನೆಂದು ಯಾರೂ ಕೈಚಾಚದ ಆ ದೃಶ್ಯದಲ್ಲಿ ಮಾತ್ರ ಅವರೂ ಸುಮ್ಮನಿದ್ದರು. ಇನ್ನು ತೊಂದರೆಯಿಲ್ಲ ಅಂದುಕೊಂಡೆ.

ಕೊನೆಗೆ ಬಂತು. ಮಕ್ಕಳು ಹೋಗಿ, ಸ್ವಂತ ಬೇಸಾಯದ ಆಸೆ ಹೋಗಿ, ಮಗಳು ಬೆಳ್ಳಿಯನ್ನೂ ಹೊರಗೆ ಹಾಕಿದ ಚೋಮ ಗುಡಿಸಲೊಳಗೆ ದುಡಿ ಹಿಡಿದ. ಸದ್ದು ನಮ್ಮ ನಡುಮನೆಯ ನೆಲಕ್ಕೆ ಇಳಿಯಿತು. ಕಾಲಿಗೆ ತಾಗುತ್ತಿತ್ತು. ಅತ್ತೆಯ ಬಲಗೈ ಬೆರಳುಗಳು ಮಂಡಿಯ ಮೇಲೆ ಅದೇ ಗತ್ತಿನಲ್ಲಿ ಬಡಿಯತೊಡಗಿದವು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಾನು ಟಿವಿ ಬಿಟ್ಟು ಆ ಬೆರಳುಗಳನ್ನೇ ನೋಡುತ್ತಿದ್ದೆ.

ಸದ್ದು ತಟ್ಟನೆ ನಿಂತಿತು. ಭಾವ ಪಾಸ್ ಒತ್ತಿದ್ದರು.

“ಒಂದೇ ನಿಮಿಷ ಅಮ್ಮಾ, ಈ ಜಾಗದಲ್ಲಿ ಪುಸ್ತಕದಲ್ಲಿ ಏನಿದೆ ಕೇಳು.” ಎದ್ದು ನಿಂತು, ಟ್ಯೂಬ್‌ಲೈಟ್ ಹಾಕಿ, ಕನ್ನಡಕ ಏರಿಸಿ ಓದತೊಡಗಿದರು. “ಭಾವ, ದಮ್ಮಯ್ಯ, ಮೊದಲು ಮುಗಿಯಲಿ” ಅಂದೆ. ತಡಿ ಎನ್ನುವಂತೆ ಕೈಯೆತ್ತಿದರು. ಪಕ್ಕದ ಮನೆಯವರು ಮೊಬೈಲ್ ತೆಗೆದರು. ನನ್ನವರು ಅಣ್ಣನೆದುರು ತುಟಿ ಬಿಚ್ಚುವವರಲ್ಲ. ಓದು ಮುಗಿದು ಪ್ಲೇ ಒತ್ತಿದರೆ ಪರದೆಯ ನಡುವೆ ಚಕ್ರ ತಿರುಗುತ್ತ ನಿಂತಿತು. ಮತ್ತೆ ದುಡಿ ಕೇಳಿಸುವ ಹೊತ್ತಿಗೆ ಅತ್ತೆಯ ಕೈ ಸೆರಗಿನೊಳಗಿತ್ತು. “ಸಾಕು ಮಾರಾಯ್ತಿ, ನಾನು ಮಲಗ್ತೇನೆ” ಎಂದು ಎದ್ದುಹೋದರು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಪುಸ್ತಕದಲ್ಲಿ ಇರುವುದೆಲ್ಲ ಸಿನಿಮಾದಲ್ಲಿ ಇದೆಯೇ ಎಂದು ಟಿಕ್ ಹಾಕುತ್ತ ಕೂರುವುದು ಉತ್ತರಪತ್ರಿಕೆ ತಿದ್ದುವ ಅಭ್ಯಾಸ. 1933ರ ಕಾದಂಬರಿಗೆ ದುಡಿಯನ್ನು ಕೇಳಿಸಲು ಇದ್ದದ್ದು ಅಕ್ಷರ ಮಾತ್ರ. ಚಿತ್ರ ನಿರ್ದೇಶಿಸಿದ ಬಿ.ವಿ. ಕಾರಂತರು ರಂಗಸಂಗೀತದಲ್ಲಿ ಮುಳುಗೆದ್ದವರು. ಅವರ ಕೈಯಲ್ಲಿ ಸದ್ದೇ ಇತ್ತು. ಅವರು ಸೇರಿಸಿದ್ದನ್ನೇ ನಿಲ್ಲಿಸಿ, ಅದರ ವರ್ಣನೆ ಓದಿದರೆ ಸಿನಿಮಾವನ್ನು ಅಳೆದಂತಾಯಿತೇ?

ಲೇಖಕರಿಗೆ ನೋವಾಗುವುದು ಬೇರೆ ಮಾತು. ‘ನಾಗರಹಾವು’ ಮತ್ತು ಅದರ ಜೊತೆಯ ಇನ್ನೆರಡು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ 1972ರಲ್ಲಿ ಒಂದೇ ಚಿತ್ರ ಮಾಡಿದಾಗ ತ.ರಾ.ಸು. ಅವರಿಗೆ ಹಿಡಿಸಲಿಲ್ಲ. ಆ ಹಕ್ಕು ಅವರದ್ದು. ಆದರೂ ಈಗ ಪುಸ್ತಕ ತೆರೆದರೆ ಚಾಮಯ್ಯ ಮೇಷ್ಟ್ರಿಗೆ ಅಶ್ವತ್ಥರ ಮುಖವೇ ಬರುತ್ತದೆ ನನಗೆ. ಇದು ಪುಸ್ತಕಕ್ಕೆ ಆದ ನಷ್ಟ ಎಂದು ಹೇಳಲು ನನ್ನಿಂದಾಗದು.

ಭಾವನ ಅಳತೆಗೋಲು ಪೂರ್ತಿ ಮುರಿಯುವುದು ‘ಗುಲಾಬಿ ಟಾಕೀಸು’ ಎದುರು. ವೈದೇಹಿಯವರ ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಕಾಸರವಳ್ಳಿಯವರ 2008ರ ಚಿತ್ರದಲ್ಲಿ ಟಾಕೀಸೇ ಮನೆಯೊಳಗೆ ಬಂತು: ಮೀನುಗಾರರ ನಡುವೆ ಒಂಟಿಯಾಗಿರುವ ಮುಸ್ಲಿಂ ಸೂಲಗಿತ್ತಿ ಗುಲಾಬಿಗೆ ಒಂದು ಟಿವಿ ಸಿಗುತ್ತದೆ, ಅಲ್ಲಿಯವರೆಗೆ ಅವಳ ಹೊಸ್ತಿಲು ತುಳಿಯದ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಕಾಲ ಬೇರೆ, ಹೆಸರು ಬೇರೆ, ಧರ್ಮ ಬೇರೆ. ಸಾಲು ಹಿಡಿದು ಹುಡುಕಿದರೆ ಕಥೆ ಸಿಗುವುದೇ ಇಲ್ಲ. ಆದರೆ ಬೆಳಕಿನ ಪರದೆಯ ಮುಂದೆ ಹೆಂಗಸರಿಗೆ ಸಿಗುವ ಬಿಡುಗಡೆ ಅಲ್ಲೂ ಇದೆ, ಇಲ್ಲೂ ಇದೆ. ಕಾರ್ಗಿಲ್ ಕಾಲದ ಅನುಮಾನ ಊರಿಗೆ ಹಬ್ಬಿದಾಗ ಅದೇ ಮನೆಗೆ ಏನಾಗುತ್ತದೆ ಎನ್ನುವುದನ್ನು ತೋರಿಸಲು ಈ ಬದಲಾವಣೆ ಬೇಕೇ ಇತ್ತು. ಬದಲಿಸಿದ್ದರಿಂದ ಏನು ಕಂಡಿತು ಎಂದು ಕೇಳಿ. ಏನೂ ಕಾಣದಿದ್ದರೆ ಧಾರಾಳವಾಗಿ ಬೈಯಿರಿ.

ಉಳಿದದ್ದು ಸಣ್ಣ ಮಾತು. ಸಿನಿಮಾ ಮೊದಲು, ಪುಸ್ತಕ ಆಮೇಲೆ. ಕಾಫಿ ಕೊನೆಗೆ. ಇಡೀ ಚಿತ್ರ ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಲು ಬಂದರೆ ಮಾಡಿಕೊಳ್ಳಿ.

ಅತ್ತೆಗೆ ಆಮೇಲೊಂದು ಮಧ್ಯಾಹ್ನ ಇಡೀ ಚಿತ್ರ ಮತ್ತೆ ತೋರಿಸಿದೆ, ನಾವಿಬ್ಬರೇ. ಮುಗಿದ ಮೇಲೆ ಅವರು ಕೇಳಿದ್ದು ದುಡಿಯ ಬಗ್ಗೆಯಲ್ಲ. “ಬೆಳ್ಳಿಯನ್ನು ಹೊರಗೆ ಹಾಕಿದ್ದು ಸರಿಯಾ? ಅಪ್ಪನ ಸಾಲ ತೀರಿಸ್ಲಿಕ್ಕೆ ದುಡಿದದ್ದು ಅವಳೇ ಅಲ್ವಾ? ಪುಸ್ತಕದಲ್ಲೂ ಹೀಗೆಯೇ ಉಂಟಾ?” ಎಂದರು. ಈಗ ದಿನಾ ಊಟದ ಮೇಲೆ ಕಾದಂಬರಿ ಓದಿ ಹೇಳುತ್ತಿದ್ದೇನೆ. ದೊಡ್ಡ ಮಗನೇ ಬಂದು ಓದಲಿ ಎಂದು ಅವರಿಗೆ ಆಸೆ. ನಾನಿನ್ನೂ ಒಪ್ಪಿಲ್ಲ.