ಕೇಳಲಾರದವರ ಹಕ್ಕು

ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿರುವ ಚಿತ್ರವನ್ನು ಬಹುಮಟ್ಟಿಗೆ ಎಲ್ಲರೂ ಕಂಡಿರುತ್ತಾರೆ. ಬಡವ ಬಲ್ಲಿದ, ಮೇಲು ಕೀಳು ಎಂಬ ಭೇದವನ್ನು ಆಕೆ ಎಣಿಸುವುದಿಲ್ಲವೆಂಬುದು ಆ ಚಿತ್ರದ ಅರ್ಥ. ಆದರೆ ಈ ಸಮದೃಷ್ಟಿಯ ಫಲ ದೊರೆಯುವುದು ಆಕೆಯ ಎದುರಿಗೆ ಹೋಗಿ ನಿಲ್ಲಬಲ್ಲವನಿಗೆ ಮಾತ್ರ. ಅಲ್ಲಿಗೆ ಹೋಗಲು ವಕೀಲರ ಸಂಭಾವನೆ ಬೇಕು, ನ್ಯಾಯಾಲಯದ ಶುಲ್ಕ ಬೇಕು, ಕಾಗದಪತ್ರಗಳ ನಕಲು ಬೇಕು. ಹಳ್ಳಿಯ ಕೂಲಿಕಾರನಿಗೆ ಇವುಗಳ ಜೊತೆಗೆ ಬಸ್ಸಿನ ಖರ್ಚು. ಹೋದ ದಿನದ ಕೂಲಿಯೂ ಇಲ್ಲ. ವಾಯಿದೆಯ ಮೇಲೆ ವಾಯಿದೆ ಬಿದ್ದಂತೆಲ್ಲ ಆ ನಷ್ಟ ಬೆಳೆಯುತ್ತಲೇ ಹೋಗುತ್ತದೆ. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ. ಆ ಗಾದೆಯು ಹೇಳದೆ ಬಿಟ್ಟ ಮೂರನೆಯವನೊಬ್ಬನಿದ್ದಾನೆ. ಅವನು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತದವನು. ತನಗೊಂದು ಹಕ್ಕಿದೆ ಎಂಬುದನ್ನು ಅವನಿಗೆ ಯಾರೂ ತಿಳಿಸಿರುವುದಿಲ್ಲ.

ಇಂಥವರನ್ನು ನೆನೆದೇ 1976ರ 42ನೆಯ ತಿದ್ದುಪಡಿಯ ಮೂಲಕ ಭಾರತದ ಸಂವಿಧಾನಕ್ಕೆ 39ಎ ಎಂಬ ವಿಧಿಯನ್ನು ಸೇರಿಸಲಾಯಿತು. ಹಣದ ಕೊರತೆಯಿಂದಾಗಲಿ, ಬೇರಾವ ಅಶಕ್ತತೆಯಿಂದಾಗಲಿ ಯಾವ ಪ್ರಜೆಗೂ ನ್ಯಾಯ ಪಡೆಯುವ ಅವಕಾಶ ತಪ್ಪಬಾರದು. ಅದಕ್ಕಾಗಿ ರಾಜ್ಯವು ಉಚಿತ ಕಾನೂನು ನೆರವನ್ನು ಒದಗಿಸಬೇಕು ಎಂಬುದು ಅದರ ತಾತ್ಪರ್ಯ. ಈ ವಿಧಿ ಇರುವುದು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಸಾಲಿನಲ್ಲಿ. ನಿರ್ದೇಶಕ ತತ್ತ್ವವನ್ನು ಸರ್ಕಾರ ಪಾಲಿಸಲಿಲ್ಲವೆಂಬುದಷ್ಟನ್ನೇ ಹಿಡಿದು ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಆದುದರಿಂದ ಮೊದಮೊದಲು ಅದು ಒಂದು ಸದಾಶಯವಾಗಿಯೇ ಉಳಿಯಿತು. ಅದಕ್ಕೆ ಜೀವ ತುಂಬಿದವರು ಬಿಹಾರದ ಸೆರೆಮನೆಗಳಲ್ಲಿದ್ದ ಬಡವರು.

ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ. ಎಫ್. ರುಸ್ತುಂಜಿ ಅವರು ಬಿಹಾರದ ಸೆರೆಮನೆಗಳನ್ನು ನೋಡಿಬಂದು ಅಲ್ಲಿಯ ಸ್ಥಿತಿಯನ್ನು ಬರೆದರು. 1979ರ ಜನವರಿಯಲ್ಲಿ ಆ ಬರಹ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಆಧಾರವಾಗಿಟ್ಟುಕೊಂಡು ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಕೈದಿಗಳಲ್ಲಿ ಯಾರೂ ಅವರನ್ನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವ ಸ್ಥಿತಿಯಲ್ಲಿಯೂ ಇರಲಿಲ್ಲ. ಕೈದಿಗಳ ಪೈಕಿ ಒಬ್ಬ ಹೆಣ್ಣುಮಗಳ ಹೆಸರಿನಿಂದ ಆ ಮೊಕದ್ದಮೆಯು ಹುಸೇನಾರಾ ಖಾತೂನ್ ಪ್ರಕರಣವೆಂದು ಪ್ರಸಿದ್ಧವಾಗಿದೆ.

ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿದ್ದ ಪೀಠದ ಮುಂದೆ ಬಂದ ಸಂಗತಿಗಳು ನಂಬಲಸಾಧ್ಯವಾದವು. ಸಣ್ಣಪುಟ್ಟ ಅಪರಾಧಗಳ ಆರೋಪ ಹೊತ್ತವರು ವಿಚಾರಣೆಯೇ ಆರಂಭವಾಗದೆ ವರ್ಷಗಟ್ಟಲೆ ಸೆರೆಯಲ್ಲಿದ್ದರು. ಅಪರಾಧ ಸಿದ್ಧವಾಗಿ ಪೂರ್ಣ ಶಿಕ್ಷೆಯಾಗಿದ್ದರೂ ಎಷ್ಟು ಕಾಲ ಒಳಗಿರಬೇಕಾಗಿತ್ತೋ ಅದಕ್ಕಿಂತಲೂ ಹೆಚ್ಚು ಕಾಲವನ್ನು ಕೆಲವರು ಆಗಲೇ ಕಳೆದಿದ್ದರು. ಅವರು ಜಾಮೀನಿನ ಮೇಲೆ ಏಕೆ ಹೊರಬರಲಿಲ್ಲ? ಜಾಮೀನಿಗೆ ಹಣ ಬೇಕು, ಇಲ್ಲವೆ ಆಸ್ತಿವಂತನೊಬ್ಬ ಹೊಣೆ ನಿಲ್ಲಬೇಕು. ಬಡವನಿಗೆ ಅಂಥ ಬಂಧುವೆಲ್ಲಿ? ಆರೋಪಿಗೆ ಊರಿನಲ್ಲಿ ಮನೆ, ಸಂಸಾರ, ಕೆಲಸ ಇವುಗಳ ಬೇರು ಇದೆಯೆಂದು ಕಂಡುಬಂದು, ಅವನು ತಲೆಮರೆಸಿಕೊಳ್ಳುವ ಭಯವಿಲ್ಲದಿದ್ದರೆ, ಹಣದ ಭದ್ರತೆಯನ್ನು ಕೇಳದೆ ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬಹುದೆಂದು ನ್ಯಾಯಾಲಯ ಹೇಳಿತು. ತ್ವರಿತ ವಿಚಾರಣೆಯೂ, ಬಡ ಆರೋಪಿಗೆ ಉಚಿತ ವಕೀಲರ ನೆರವೂ ಸಂವಿಧಾನದ 21ನೆಯ ವಿಧಿಯು ಕೊಟ್ಟ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿಯೇ ಅಡಗಿವೆಯೆಂದೂ ತೀರ್ಮಾನವಾಯಿತು. ಸದಾಶಯವು ಹೀಗೆ ಹಕ್ಕಾಯಿತು.

ಆ ಪ್ರಕರಣದಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ಸೆರೆಮನೆಯಲ್ಲಿದ್ದ ಹೆಂಗಸರಲ್ಲಿ ಕೆಲವರ ಮೇಲೆ ಯಾವ ಆರೋಪವೂ ಇರಲಿಲ್ಲ. ಅವರು ಬೇರೆಯವರ ಅಪರಾಧಕ್ಕೆ ತುತ್ತಾದವರು ಅಥವಾ ಸಾಕ್ಷಿ ಹೇಳಬೇಕಾದವರು. ‘ರಕ್ಷಣೆ’ಗಾಗಿ ಅವರನ್ನು ಅಲ್ಲಿ ಇರಿಸಲಾಗಿತ್ತು! ಸೆರೆಮನೆಯನ್ನು ಬಿಟ್ಟರೆ ಅವರನ್ನು ಇರಿಸಲು ಬೇರೆ ಸ್ಥಳವನ್ನು ಯಾರೂ ಯೋಚಿಸಿರಲಿಲ್ಲವೆಂದೇ ತಿಳಿಯಬೇಕು. ಅವರನ್ನು ಕೂಡಲೇ ಬಿಡಿಸಿ ರಕ್ಷಣಾಗೃಹಗಳಿಗೆ ಸೇರಿಸಬೇಕೆಂದು ಆದೇಶವಾಯಿತು. ಬರಿಯ ಬಿಡುಗಡೆಯ ಆದೇಶ ಅಲ್ಲಿ ಸಾಲುತ್ತಿರಲಿಲ್ಲ. ಬೀಗ ತೆಗೆದ ಮೇಲೆ ಆ ಹೆಂಗಸು ಎಲ್ಲಿಗೆ ಹೋಗಬೇಕು, ಆ ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿರುವುದಿಲ್ಲ. ಅದನ್ನು ಸಮಾಜವೇ ಕೊಡಬೇಕು.

ಹಕ್ಕೇನೋ ಘೋಷಿತವಾಯಿತು. ಆದರೆ ಮರುವರ್ಷವೇ ಒಂದು ತೊಡಕು ಕಾಣಿಸಿಕೊಂಡಿತು. ಭಾಗಲ್ಪುರದಲ್ಲಿ ಬಂಧಿತರ ಕಣ್ಣುಗಳನ್ನು ಕುರುಡಾಗಿಸಿದ ಘೋರ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅವರಿಗೆ ವಕೀಲರ ನೆರವನ್ನು ಕೊಟ್ಟಿರಲಿಲ್ಲವೆಂದು ತಿಳಿದುಬಂತು. ಏಕೆ ಕೊಡಲಿಲ್ಲವೆಂದರೆ, ‘ಅವರು ಕೇಳಲಿಲ್ಲ’ ಎಂಬ ಉತ್ತರ! ಅಕ್ಷರ ಬಾರದವನು, ಕಾನೂನು ಅರಿಯದವನು ಕೇಳುವುದು ಹೇಗೆ? ಆರೋಪಿಯನ್ನು ಮೊದಲು ತನ್ನೆದುರು ತಂದು ನಿಲ್ಲಿಸಿದಾಗಲೇ ಅವನಿಗೆ ಈ ಹಕ್ಕನ್ನು ತಿಳಿಸುವುದು ನ್ಯಾಯಾಧೀಶರ ಕರ್ತವ್ಯವೆಂದು ನ್ಯಾಯಾಲಯ ವಿಧಿಸಿತು. ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪವನ್ನೂ ಅದು ಒಪ್ಪಲಿಲ್ಲ. ಮುಂದೆ 1986ರಲ್ಲಿ ಅರುಣಾಚಲ ಪ್ರದೇಶದ ಒಬ್ಬ ನೌಕರನ ಪ್ರಕರಣ ಬಂತು. ವಕೀಲರಿಲ್ಲದೆಯೇ ಅವನ ವಿಚಾರಣೆ ನಡೆದು ಶಿಕ್ಷೆಯೂ ಆಗಿತ್ತು. ಅವನೂ ನೆರವನ್ನು ಕೇಳಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನೇ ರದ್ದುಪಡಿಸಿತು. ಕೇಳಿದವರಿಗೆ ಮಾತ್ರ ಕೊಡುವ ನೆರವು ಯಾರಿಗೆ ಅತ್ಯಗತ್ಯವೋ ಅವರಿಗೇ ತಲುಪುವುದಿಲ್ಲ. ಈ ಮೂರು ತೀರ್ಪುಗಳನ್ನು ಒಂದರ ಮುಂದೊಂದು ಇಟ್ಟು ನೋಡಿದರೆ, ನ್ಯಾಯಾಲಯವು ಬಡವನ ಕಡೆಗೆ ಒಂದೊಂದೇ ಹೆಜ್ಜೆ ನಡೆದು ಬಂದಂತೆ ತೋರುತ್ತದೆ.

ಈ ತತ್ತ್ವಗಳನ್ನು ನಿತ್ಯದ ವ್ಯವಸ್ಥೆಗೆ ತಂದದ್ದು ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ. ಅದು 1987ರಲ್ಲಿ ಅಂಗೀಕಾರವಾದರೂ ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಎಂಟು ವರ್ಷ ಬಡವರು ಕಾಯಬೇಕಾಯಿತೆಂಬುದು ಹೆಮ್ಮೆಪಡುವ ಮಾತಲ್ಲ. ಈಗ ಪ್ರತಿವರ್ಷವೂ ಆ ದಿನವನ್ನು ಕಾನೂನು ಸೇವೆಗಳ ದಿನವೆಂದು ಆಚರಿಸುತ್ತಾರೆ. ರಾಷ್ಟ್ರಮಟ್ಟದಲ್ಲಿ ಒಂದು ಪ್ರಾಧಿಕಾರ, ರಾಜ್ಯಕ್ಕೊಂದು, ಜಿಲ್ಲೆಗೊಂದು, ತಾಲ್ಲೂಕಿಗೊಂದು ಸಮಿತಿ ಎಂಬುದು ಅದರ ಏರ್ಪಾಡು. ಕರ್ನಾಟಕ ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ‘ನ್ಯಾಯ ದೇಗುಲ’ ಎಂಬ ಕಟ್ಟಡದಲ್ಲಿದೆ. ಹಳ್ಳಿಯವರಿಗೆ ಮುಖ್ಯವಾದುದು ಅದಲ್ಲ, ತಾಲ್ಲೂಕು ಸಮಿತಿ. ಅದು ತಾಲ್ಲೂಕು ಕೇಂದ್ರದ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಬಿಳಿಯ ಹಾಳೆಯ ಮೇಲೆ ತನ್ನ ಕಷ್ಟವನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಸಾಕು. ಬರೆಯಲು ಬಾರದಿದ್ದರೆ ಹೇಳಿದುದನ್ನು ಅಲ್ಲಿಯವರೇ ಬರೆದುಕೊಳ್ಳಬೇಕು. ಅರ್ಜಿ ಒಪ್ಪಿಗೆಯಾದರೆ ವಕೀಲರ ಸಂಭಾವನೆ, ನ್ಯಾಯಾಲಯದ ಶುಲ್ಕ, ನಕಲುಗಳ ವೆಚ್ಚ ಎಲ್ಲವೂ ಪ್ರಾಧಿಕಾರದ್ದು.

ಈ ನೆರವು ಕಡುಬಡವರಿಗೆ ಮಾತ್ರವೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ನೆರೆ, ಬರ, ಭೂಕಂಪಗಳಿಗೆ ಸಿಕ್ಕಿದವರು, ಮಾನವ ಸಾಗಾಟಕ್ಕೂ ಬಿಟ್ಟಿ ದುಡಿಮೆಗೂ ಬಲಿಯಾದವರು, ಬಂಧನದಲ್ಲಿರುವವರು ಇವರೆಲ್ಲರಿಗೂ ಆದಾಯದ ಲೆಕ್ಕವಿಲ್ಲದೆ ಅದು ಸಲ್ಲುತ್ತದೆ. ಆದಾಯದ ಮಿತಿಯನ್ನು ನೋಡುವುದು ಉಳಿದವರ ವಿಷಯದಲ್ಲಿ ಮಾತ್ರ. ಉಳ್ಳವರ ಮನೆಯ ಸೊಸೆಯಾದರೂ ಅವಳ ಕೈಯಲ್ಲಿ ಕಾಸಿರುತ್ತದೆಯೆಂದು ಹೇಳಲಾಗದು. ಅದನ್ನು ಅರಿತೇ ಹೆಂಗಸರಿಗೆ ಈ ಮಿತಿಯನ್ನು ಇಟ್ಟಿಲ್ಲ.

ಪುಕ್ಕಟೆಯ ವಕೀಲರು ಮನಸ್ಸಿಟ್ಟು ವಾದಿಸುವರೇ ಎಂಬ ಸಂಶಯ ಜನರಲ್ಲಿ ಬಹುಕಾಲದಿಂದ ಇದೆ. ಅದು ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಅಲ್ಪ ಸಂಭಾವನೆಗೆ, ತಮ್ಮ ಇತರ ಕೆಲಸಗಳ ನಡುವೆ, ಒಂದೆರಡು ಪ್ರಕರಣಗಳನ್ನು ನೋಡಿಕೊಳ್ಳುವವರಿಂದ ಎಷ್ಟನ್ನು ನಿರೀಕ್ಷಿಸಬಹುದು? ಈ ಕೊರತೆಯನ್ನು ನೀಗಲೆಂದು ರಾಷ್ಟ್ರೀಯ ಪ್ರಾಧಿಕಾರವು 2022ರಲ್ಲಿ ಒಂದು ಯೋಜನೆಯನ್ನು ರೂಪಿಸಿತು. ಅದರಂತೆ ಕ್ರಿಮಿನಲ್ ಮೊಕದ್ದಮೆಗಳ ಬಡ ಆರೋಪಿಗಳಿಗಾಗಿ ಅದೊಂದೇ ಕೆಲಸ ಮಾಡುವ ಪೂರ್ಣಾವಧಿಯ ವಕೀಲರನ್ನು ಜಿಲ್ಲೆಗಳಲ್ಲಿ ನೇಮಿಸಲಾಗುತ್ತಿದೆ.

ಪ್ರಾಧಿಕಾರಗಳು ನಡೆಸುವ ಲೋಕ ಅದಾಲತ್ತಿನ ಹೆಸರನ್ನು ಕೇಳದವರು ವಿರಳ. 1982ರಲ್ಲಿ ಗುಜರಾತಿನ ಜುನಾಗಢ ಜಿಲ್ಲೆಯಲ್ಲಿ ಆರಂಭವಾದ ಈ ಪ್ರಯೋಗ ಇಂದು ದೇಶದ ಎಲ್ಲೆಡೆಯೂ ಹಬ್ಬಿದೆ. ಊರ ಅರಳಿಕಟ್ಟೆಯ ಪಂಚಾಯಿತಿಯನ್ನು ಇದು ನೆನಪಿಗೆ ತರುವುದಾದರೂ, ಪಂಚರಂತೆ ಇಲ್ಲಿ ಯಾರೂ ತೀರ್ಪು ಹೇರುವಂತಿಲ್ಲ. ಉಭಯ ಪಕ್ಷಗಳೂ ಒಪ್ಪಿದರೆ ಮಾತ್ರ ರಾಜಿ. ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆ. ಅದರ ಮೇಲೆ ಮೇಲ್ಮನವಿಯಿಲ್ಲ, ಕಟ್ಟಿದ ಶುಲ್ಕವೂ ಹಿಂದಕ್ಕೆ ಬರುತ್ತದೆ. ಅಪಘಾತದ ಪರಿಹಾರ, ಬ್ಯಾಂಕಿನ ಸಾಲ, ಪಾಲುಪಟ್ಟಿಯ ತಕರಾರು ಮೊದಲಾದವು ಇಲ್ಲಿ ಬೇಗನೆ ಮುಗಿಯುತ್ತವೆ. ಆದರೂ ಒಂದು ಎಚ್ಚರಿಕೆ ಅಗತ್ಯ. ಬಲವಂತನೂ ದುರ್ಬಲನೂ ಎದುರುಬದುರಾಗಿ ಕುಳಿತಾಗ, ‘ಬಂದಷ್ಟು ಬರಲಿ’ ಎಂದು ದುರ್ಬಲನೇ ಬಗ್ಗುವ ಸಂಭವವುಂಟು. ಒಪ್ಪದೆ ಎದ್ದುಹೋಗುವ ಸ್ವಾತಂತ್ರ್ಯ ತನಗಿದೆಯೆಂದು ಅವನಿಗೆ ಅಲ್ಲಿಯೇ ಯಾರಾದರೂ ಹೇಳಬೇಕು. ರಾಜಿಯಾಗದಿದ್ದರೆ ಮೊಕದ್ದಮೆ ನ್ಯಾಯಾಲಯಕ್ಕೆ ಹಿಂದಿರುಗುತ್ತದೆ. ಅವನು ಕಳೆದುಕೊಳ್ಳುವುದು ಏನೂ ಇಲ್ಲ.

ವಕೀಲರು ನೆರವಾಗುವುದು ನ್ಯಾಯಾಲಯದ ಒಳಗೆ. ಹೊರಗಿನ ಬದುಕಿಗೆ ಬೇರೆ ಆಸರೆಗಳು ಬೇಕು. ಗಂಡನ ಹೊಡೆತ ತಾಳಲಾರದೆ ಮಗುವನ್ನೆತ್ತಿಕೊಂಡು ಮನೆಯಿಂದ ಹೊರಬಿದ್ದ ಹೆಂಗಸನ್ನು ನೆನೆದುಕೊಳ್ಳಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಆ ಮನೆಯಲ್ಲಿಯೇ ವಾಸಿಸುವ ಹಕ್ಕು ಅವಳಿಗಿದೆ. ರಕ್ಷಣೆಯ ಆದೇಶವನ್ನೂ ಜೀವನಾಂಶವನ್ನೂ ಕೇಳಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯಿದೆಯ ಸಂರಕ್ಷಣಾಧಿಕಾರಿ. ಅಂಗನವಾಡಿಗಳ ಮೇಲ್ವಿಚಾರಣೆ ಅದೇ ಅಧಿಕಾರಿಯದಾದುದರಿಂದ, ತಾಲ್ಲೂಕು ಕೇಂದ್ರವನ್ನು ಕಾಣದ ಹೆಂಗಸೂ ತನ್ನೂರಿನ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ ಸುದ್ದಿ ಮುಟ್ಟಿಸಬಹುದು. ಆದರೆ ಆದೇಶ ಬರುವವರೆಗೆ ಅವಳಿಗೆ ಅನ್ನ, ಸೂರು, ಧೈರ್ಯದ ಮಾತು ಬೇಕಷ್ಟೆ. ಸಾಂತ್ವನ ಕೇಂದ್ರಗಳು, ಸಖಿ ಕೇಂದ್ರಗಳು, ರಾಜ್ಯ ಮಹಿಳಾ ನಿಲಯಗಳು ಇರುವುದು ಇದಕ್ಕಾಗಿ. 181 ಎಂಬ ಸಂಖ್ಯೆಗೆ ಕರೆಮಾಡಿದರೆ ಹೆಂಗಸರಿಗೂ, 1098ಕ್ಕೆ ಕರೆಮಾಡಿದರೆ ಮಕ್ಕಳಿಗೂ ನೆರವು ದೊರೆಯುತ್ತದೆ. ಕಾನೂನು ನೆರವಿನ ಸಂಖ್ಯೆ 15100.

ವೃದ್ಧರ ಪಾಡು ಬೇರೆ ಬಗೆಯದು. ಮಗನು ಕಡೆಯತನಕ ನೋಡಿಕೊಳ್ಳುವನೆಂಬ ಷರತ್ತಿನ ಮೇಲೆ ಜಮೀನನ್ನು ಬರೆದುಕೊಟ್ಟು, ಆಮೇಲೆ ಅನ್ನಕ್ಕೂ ಅಂಗಲಾಚುವ ತಂದೆತಾಯಿಗಳು ಯಾವ ಊರಿನಲ್ಲಿಲ್ಲ? ಅವರಿಗಾಗಿ 2007ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಅವರು ಜೀವನಾಂಶವನ್ನು ಗೊತ್ತುಪಡಿಸಬಹುದು. ಅಂಥ ಷರತ್ತನ್ನು ಮುರಿದ ದಾನಪತ್ರವನ್ನು ಅಸಿಂಧುವೆಂದು ಸಾರಲೂಬಹುದು. ಆದರೆ ಹೆತ್ತ ಮಗನ ಮೇಲೆ ದೂರು ಕೊಡಲು ಎಷ್ಟು ತಾಯಂದಿರಿಗೆ ಮನಸ್ಸು ಬಂದೀತು? ಕಾನೂನು ತಿಳಿದ ಮೇಲೂ ಉಳಿಯುವ ಈ ಸಂಕೋಚವನ್ನು ಕಳೆಯುವುದು ಅಧಿಕಾರಿಗಳ ಕೈಯಲ್ಲಿಲ್ಲ. ಅಕ್ಕಪಕ್ಕದವರು, ಊರಿನ ಹಿರಿಯರು ಮಗನನ್ನು ಕೂರಿಸಿಕೊಂಡು ನಾಲ್ಕು ಮಾತು ಹೇಳಿದರೆ ಅರ್ಜಿಯ ಅಗತ್ಯವೇ ಬೀಳದಿರಬಹುದು.

ಕಚೇರಿಗೂ ಜನರಿಗೂ ನಡುವಣ ಅಂತರವನ್ನು ತುಂಬಲು 2009ರಲ್ಲಿ ಅರೆ ಕಾನೂನು ಸ್ವಯಂಸೇವಕರ ಯೋಜನೆ ಆರಂಭವಾಯಿತು. ಶಿಕ್ಷಕರು, ನಿವೃತ್ತ ನೌಕರರು, ಅಂಗನವಾಡಿಯವರು, ವಿದ್ಯಾರ್ಥಿಗಳು ಮೊದಲಾದವರು ತರಬೇತಿ ಪಡೆದು ಈ ಕೆಲಸ ಮಾಡುತ್ತಾರೆ. ಅವರು ವಕೀಲರಲ್ಲ, ವಾದಿಸುವುದಿಲ್ಲ. ಯಾವ ಕಷ್ಟಕ್ಕೆ ಯಾವ ಬಾಗಿಲೆಂದು ತೋರಿಸುತ್ತಾರೆ, ಅರ್ಜಿ ಬರೆದುಕೊಡುತ್ತಾರೆ, ಅಂಜುವವರ ಜೊತೆಯಲ್ಲಿ ಕಚೇರಿಗೆ ಹೋಗುತ್ತಾರೆ. ದೀರ್ಘಕಾಲದ ಕೈದಿಗಳಲ್ಲಿ ಓದುಬರಹ ಬಲ್ಲ ಸನ್ನಡತೆಯವರನ್ನೂ ಆರಿಸಿ, ಸೆರೆಮನೆಯೊಳಗಿನ ಕಾನೂನು ನೆರವಿನ ಕೇಂದ್ರದಲ್ಲಿ ಈ ಕೆಲಸಕ್ಕೆ ತೊಡಗಿಸುವುದುಂಟು. ಹೊಸದಾಗಿ ಬಂದ ಕೈದಿಗೆ ಮೊದಲ ಮಾಹಿತಿ ಸಿಕ್ಕುವುದು ಅವರಿಂದಲೇ.

ಸೆರೆಮನೆಯ ನಿಯಮಗಳೂ ಹುಸೇನಾರಾ ಖಾತೂನ್ ಪ್ರಕರಣದ ಕಾಲದಿಂದ ಬಹಳ ಬದಲಾಗಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ವಿಚಾರಣಾಧೀನ ಕೈದಿಯು ತನ್ನ ಮೇಲಿನ ಅಪರಾಧಕ್ಕೆ ಹೇಳಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ಒಳಗೆ ಕಳೆದಿದ್ದರೆ ಅವನನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಎಂದೂ ಶಿಕ್ಷೆಗೊಳಗಾಗದವನಾದರೆ ಮೂರನೆಯ ಒಂದು ಭಾಗ ಕಳೆದರೆ ಸಾಕು. ಮರಣದಂಡನೆ, ಜೀವಾವಧಿ ಸೆರೆವಾಸಗಳಿಗೆ ತಕ್ಕ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿರುವವರಿಗೂ ಇದು ಅನ್ವಯಿಸದು. ಅರ್ಧ ಅಥವಾ ಮೂರನೆಯ ಒಂದು ಭಾಗ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಬರೆಯಬೇಕಾದವನು ಈಗ ಕೈದಿಯಲ್ಲ. ಸೆರೆಮನೆಯ ಅಧೀಕ್ಷಕನೇ ಅದನ್ನು ಬರೆಯಬೇಕು.