ಕುದಿನೀರಿನ ಬ್ಯಾಕ್ಟೀರಿಯಾಕ್ಕೂ ಒಂದು ವೈರಸ್

(ಕೃಷಿ – ಆರೋಗ್ಯ ಪಾಠ)



ಬಾವಿಯ ನೀರನ್ನು ಕುದಿಸಿ, ಆರಿಸಿ ಕುಡಿಯಬೇಕು. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಇದು ನಮ್ಮ ಮನೆಮನೆಗೂ ಗೊತ್ತಿರುವ ಮಾತು. ಆದರೆ ಕೈಯಿಟ್ಟರೆ ಚರ್ಮ ಸುಲಿಯುವಷ್ಟು ಬಿಸಿಯಾದ ನೀರಿನಲ್ಲೇ ಹುಟ್ಟಿ, ಅಲ್ಲೇ ವಂಶ ಬೆಳೆಸುವ ಬ್ಯಾಕ್ಟೀರಿಯಾಗಳೂ ಈ ಸೃಷ್ಟಿಯಲ್ಲಿವೆ. ಅವುಗಳಿಗೂ ಕಾಯಿಲೆ ತರುವ ವೈರಸ್‌ಗಳಿವೆ! ಎಲ್ಲೋ ದೂರದ ಬಿಸಿನೀರಿನ ಬುಗ್ಗೆಯ ಈ ಸಂಗತಿ ತೋಟದಲ್ಲಿ ದುಡಿಯುವ ನಮಗೇಕೆ ಎಂದು ನೀವು ಕೇಳಬಹುದು. ಜ್ವರ ಬಂದಾಗ ಯಾವ ಔಷಧಿ, ಶುಂಠಿ ಬಾಡಿದಾಗ ಯಾವ ಉಪಾಯ ಎಂಬ ನಮ್ಮ ದಿನನಿತ್ಯದ ಪ್ರಶ್ನೆಗಳಿಗೂ ಇದಕ್ಕೂ ನಂಟಿದೆ. ಅದನ್ನು ಈ ಸಲ ತಿಳಿಯೋಣ.

ಬ್ಯಾಕ್ಟೀರಿಯಾ ಬೇರೆ, ವೈರಸ್ ಬೇರೆ

ನಾವು ಎರಡನ್ನೂ 'ರೋಗಾಣು' ಎಂದು ಒಂದೇ ಬುಟ್ಟಿಗೆ ಹಾಕುತ್ತೇವೆ. ಇದು ಸರಿಯಲ್ಲ. ಬ್ಯಾಕ್ಟೀರಿಯಾ ಒಂದೇ ಕೋಶದ ಪೂರ್ಣ ಜೀವಿ. ಅದು ಉಣ್ಣುತ್ತದೆ, ಬೆಳೆಯುತ್ತದೆ, ಎರಡಾಗಿ ಒಡೆದು ಹೆಚ್ಚುತ್ತದೆ. ಹಾಲನ್ನು ಮೊಸರು ಮಾಡುವುದೂ ಅದೇ, ಗೊಬ್ಬರದ ಗುಂಡಿಯಲ್ಲಿ ಸೊಪ್ಪು ಕೊಳೆಸುವುದೂ ಅದೇ. ವೈರಸ್‌ಗೆ ಸ್ವಂತ ಅಡುಗೆಮನೆಯಿಲ್ಲ. ಅದು ಪ್ರೋಟೀನಿನ ಚಿಪ್ಪಿನೊಳಗೆ ಸುತ್ತಿಟ್ಟ ಒಂದು ವಂಶಪತ್ರ, ಅಷ್ಟೆ. ಇನ್ನೊಂದು ಜೀವಕೋಶದ ಒಳಹೊಕ್ಕು, ಅಲ್ಲಿನ ಪಾತ್ರೆ ಪಡಗಗಳನ್ನೇ ಬಳಸಿ ತನ್ನ ಸಂತಾನವನ್ನು ಮಾಡಿಸಿಕೊಳ್ಳುತ್ತದೆ.

ಬ್ಯಾಕ್ಟೀರಿಯಾವನ್ನೇ ಹಿಡಿಯುವ ವೈರಸ್‌ಗೆ 'ಬ್ಯಾಕ್ಟೀರಿಯೋಫೇಜ್', ಸಂಕ್ಷೇಪವಾಗಿ 'ಫೇಜ್' ಎಂದು ಹೆಸರು. ಇದನ್ನು ಇಂಗ್ಲೆಂಡಿನ ಟ್ವಾರ್ಟ್ 1915ರಲ್ಲಿಯೂ ಫ್ರಾನ್ಸಿನಲ್ಲಿದ್ದ ದೆರೆಲ್ 1917ರಲ್ಲಿಯೂ ಬೇರೆಬೇರೆಯಾಗಿ ಪ್ರಕಟಿಸಿದರು. ಅನೇಕ ಫೇಜ್‌ಗಳಿಗೆ ಒಂದು ತಲೆ, ಒಂದು ಬಾಲ. ಬಾಲದ ತುದಿಯಿಂದ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು, ತಲೆಯಲ್ಲಿರುವ ವಂಶವಸ್ತುವನ್ನು ಸೂಜಿಮದ್ದಿನಂತೆ ಒಳಗೆ ಇಳಿಸುತ್ತದೆ. ಒಳಗೆ ಹೊಸ ಫೇಜ್‌ಗಳು ತಯಾರಾಗಿ, ಕೊನೆಗೆ ಬ್ಯಾಕ್ಟೀರಿಯಾ ಒಡೆದು ಹೋಗುತ್ತದೆ.

ಬಿಸಿನೀರಿನ ಬುಗ್ಗೆಯಲ್ಲಿ ಕಂಡದ್ದು

ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್‌ತೀರ್ಥವನ್ನು ನಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿಯ ನೀರು ಮೈಗೆ ಹಿತವಾಗುವಷ್ಟು ಬೆಚ್ಚಗಿನದು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬುಗ್ಗೆಗಳು ಹಾಗಲ್ಲ; ಅಲ್ಲಿ ಕೆಲವು ಕಡೆ ನೀರು ಕೊತಕೊತ ಕುದಿಯುತ್ತದೆ. 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿಯೂ ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಾಳುವ ಒಂದು ಬ್ಯಾಕ್ಟೀರಿಯಾವನ್ನು ಅಲ್ಲಿಂದ ಬೇರ್ಪಡಿಸಿದರು. 1969ರಲ್ಲಿ ಅದಕ್ಕೆ 'ಥರ್ಮಸ್ ಅಕ್ವಾಟಿಕಸ್' ಎಂದು ಹೆಸರಿಟ್ಟರು.

ಬ್ಯಾಕ್ಟೀರಿಯಾ ಇದ್ದಲ್ಲಿ ಫೇಜ್ ಇರಲೇಬೇಕಲ್ಲ! 1975ರಲ್ಲಿ ಜಪಾನಿನ ಸಾಕಾಕಿ ಮತ್ತು ಒಶಿಮಾ ಎಂಬವರು ಅಲ್ಲಿನ ಬುಗ್ಗೆಯೊಂದರಿಂದ ಥರ್ಮಸ್ ಜಾತಿಯನ್ನು ಹಿಡಿಯುವ ಫೇಜ್ ಒಂದನ್ನು ವರದಿ ಮಾಡಿದರು. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐಸ್‌ಲ್ಯಾಂಡ್, ನ್ಯೂಜಿಲೆಂಡ್, ರಷ್ಯದ ಕಮ್ಚಾಟ್ಕಾ ಮತ್ತು ಅಮೆರಿಕದ ಬುಗ್ಗೆಗಳಿಂದ ಇಂಥ 115 ಫೇಜ್‌ಗಳನ್ನು ಸಂಗ್ರಹಿಸಿದ ವಿವರವಿದೆ. ಕಮ್ಚಾಟ್ಕಾದ ಒಂದು ಫೇಜ್‌ನ ಬಾಲ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತುಸು ಕಡಿಮೆ. ಇಷ್ಟೇ ಎನ್ನಬೇಡಿ. ಫೇಜ್‌ಗಳ ಲೋಕದಲ್ಲಿ ಅದು ಅತಿ ಉದ್ದದ ಬಾಲಗಳಲ್ಲಿ ಒಂದು.

ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ಪ್ರೋಟೀನು ಬಿಸಿ ತಾಳದೆ ತನ್ನ ಆಕಾರ ಕಳೆದುಕೊಳ್ಳುವುದೇ ಅದರ ಕಾರಣ. ಹಾಗಾದರೆ ಪ್ರೋಟೀನಿನ ಚಿಪ್ಪುಳ್ಳ ಈ ಫೇಜ್ ಬೇಯುವುದಿಲ್ಲವೇ? ಇಲ್ಲ. ಬುಟ್ಟಿ ಹೆಣೆಯುವವರು ಒಂದು ಬೆತ್ತದ ತುದಿಯನ್ನು ಇನ್ನೊಂದರ ಕುಣಿಕೆಗೆ ಸಿಕ್ಕಿಸಿ ಬಿಗಿಯುವಂತೆ, ಇದರ ಚಿಪ್ಪಿನ ಪ್ರೋಟೀನುಗಳು ಒಂದಕ್ಕೊಂದು ಕುಣಿಕೆ ಹಾಕಿಕೊಂಡಿರುವುದು 2019ರಲ್ಲಿ ತಿಳಿದುಬಂತು.

ಸಂತ ಪೌಲರು ಇಳಿದ ಊರು

ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯದಲ್ಲಿ ಸಂತ ಪೌಲರು ರೋಮಿಗೆ ಹೋಗುವ ದಾರಿಯಲ್ಲಿ ಹಡಗಿನಿಂದ ಇಳಿದು, ಸಹೋದರರೊಡನೆ ಏಳು ದಿನ ತಂಗಿದ ಬಂದರಿನ ಮಾತು ಬರುತ್ತದೆ. ಅದೇ ಇಂದಿನ ಇಟಲಿಯ ಪೊತ್ಸುವೋಲಿ. ಅಲ್ಲಿ ನೆಲದಡಿಯಲ್ಲಿ ಜ್ವಾಲಾಮುಖಿಯಿದೆ; ಗಂಧಕದ ಹೊಗೆಯೂ ಆಮ್ಲದಂಥ ಕುದಿನೀರೂ ಮೇಲೆ ಬರುತ್ತವೆ. ಆ ನೀರಿನಲ್ಲಿ ಎರಡು ಬಾಲದ ಒಂದು ವೈರಸ್ ಇರುವುದನ್ನು 2005ರಲ್ಲಿ ಪ್ರಕಟಿಸಿದರು. ಅದು ಹಿಡಿಯುವುದು ಬ್ಯಾಕ್ಟೀರಿಯಾವನ್ನಲ್ಲ, ಬ್ಯಾಕ್ಟೀರಿಯಾದಂತೆಯೇ ಕಾಣುವ, ಆದರೆ ಬೇರೆಯೇ ವಂಶದ 'ಆರ್ಕಿಯಾ' ಎಂಬ ಸೂಕ್ಷ್ಮಜೀವಿಯನ್ನು. ಕೋಶದಿಂದ ಹೊರಬರುವಾಗ ಈ ವೈರಸ್ ನಿಂಬೆಹಣ್ಣಿನ ಆಕಾರದಲ್ಲಿರುತ್ತದೆ. ಹೊರಗೆ ಬಂದ ಮೇಲೆ ಆ ಬಿಸಿಯಲ್ಲಿ ತಾನಾಗಿಯೇ ಎರಡು ತುದಿಗಳಲ್ಲೂ ಬಾಲ ಬೆಳೆಸಿಕೊಳ್ಳುತ್ತದೆ.

ಬುಗ್ಗೆಯಿಂದ ಆಸ್ಪತ್ರೆಗೆ

ಬ್ರಾಕ್ ಅವರ ಬ್ಯಾಕ್ಟೀರಿಯಾದಿಂದ ಏನು ಪ್ರಯೋಜನವೆಂದು ಆಗ ಯಾರೂ ಊಹಿಸಿರಲಿಲ್ಲ. 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬವರು ವಂಶವಸ್ತುವಾದ ಡಿ.ಎನ್.ಎ.ಯನ್ನು ಕೊಳವೆಯಲ್ಲಿ ಪ್ರತಿ ಮಾಡುವ ಪಿ.ಸಿ.ಆರ್. ವಿಧಾನವನ್ನು ಯೋಚಿಸಿದರು. ಇದರಲ್ಲಿ ಡಿ.ಎನ್.ಎ.ಯ ಎರಡು ಎಳೆಗಳನ್ನು ಸುಮಾರು 95 ಡಿಗ್ರಿ ಬಿಸಿಯಲ್ಲಿ ಬಿಡಿಸಬೇಕು. ಆ ಬಿಸಿಗೆ ಸಾಮಾನ್ಯ ಕಿಣ್ವ ಕೆಟ್ಟುಹೋಗುವುದರಿಂದ ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕಾಗುತ್ತಿತ್ತು. ಥರ್ಮಸ್ ಅಕ್ವಾಟಿಕಸ್‌ನ ಕಿಣ್ವವಾದರೋ ಬಿಸಿಗೆ ಜಗ್ಗಲಿಲ್ಲ. ಸುತ್ತಿಗೆ ಎರಡರಷ್ಟಾಗುತ್ತ ಹೋದರೆ 30 ಸುತ್ತುಗಳಲ್ಲಿ ಒಂದು ಎಳೆ 107 ಕೋಟಿಗೂ ಮಿಕ್ಕುತ್ತದೆ. ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 2020ರಲ್ಲಿ ಕೋವಿಡ್ ಬಂದಾಗ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆರ್.ಟಿ.-ಪಿ.ಸಿ.ಆರ್. ಪರೀಕ್ಷೆಯೂ, ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯರೋಗಕ್ಕೆ ಮಾಡುವ ಸಿಬಿನಾಟ್, ಟ್ರೂನಾಟ್ ಪರೀಕ್ಷೆಗಳೂ ಇದೇ ತತ್ವದ ಮೇಲೆ ನಿಂತಿವೆ. ಎರಡು ವಾರ ಮೀರಿದ ಕೆಮ್ಮಿದ್ದರೆ ನಾಚದೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ.

ಹುಲ್ಲಿಗೆ ಸಿಕ್ಕಿದ ಸಹಾಯ

ವೈರಸ್ ಎಂದರೆ ಬರೀ ಕೇಡು ಎಂದು ತಿಳಿಯಬಾರದು. ಯೆಲ್ಲೋಸ್ಟೋನಿನ ಬಿಸಿ ಮಣ್ಣಿನಲ್ಲಿ ನಮ್ಮ ಸಾಮೆ, ಬರಗುಗಳಿಗೆ ದೂರದ ನಂಟಾದ ಒಂದು ಹುಲ್ಲು ಬೆಳೆಯುತ್ತದೆ. ಅದರೊಳಗೆ ಒಂದು ಶಿಲೀಂಧ್ರ ವಾಸಿಸುತ್ತದೆ. ಶಿಲೀಂಧ್ರದೊಳಗೆ ಒಂದು ವೈರಸ್. ಮೂರೂ ಜೊತೆಗಿದ್ದರೆ ಹುಲ್ಲು 65 ಡಿಗ್ರಿ ಬಿಸಿಯ ಮಣ್ಣನ್ನೂ ತಾಳುತ್ತದೆ. ಶಿಲೀಂಧ್ರದಿಂದ ವೈರಸ್ಸನ್ನು ತೆಗೆದಾಗ ಹುಲ್ಲು ಬಿಸಿ ತಾಳದೆ ಹೋಯಿತು. ಪುನಃ ಸೇರಿಸಿದಾಗ ತಾಳಿತು. ಅದೇ ಶಿಲೀಂಧ್ರವನ್ನು ವೈರಸ್ ಸಹಿತ ಟೊಮೆಟೊ ಗಿಡಕ್ಕೆ ಸೇರಿಸಿದಾಗ ಅದಕ್ಕೂ ಬಿಸಿ ತಾಳುವ ಶಕ್ತಿ ಹೆಚ್ಚಿತು. ಇದು 2007ರಲ್ಲಿ ಪ್ರಕಟವಾದ ಸಂಶೋಧನೆ. ವರ್ಷದಿಂದ ವರ್ಷಕ್ಕೆ ಬೇಸಿಗೆ ಉರಿಯುತ್ತಿರುವ ಈ ಕಾಲದಲ್ಲಿ ಕೃಷಿಕರು ಗಮನಿಸಬೇಕಾದ ವಿಷಯವಿದು.

ನಮ್ಮ ಮನೆಗೆ, ನಮ್ಮ ತೋಟಕ್ಕೆ

1. ಬುಗ್ಗೆಯ ಬ್ಯಾಕ್ಟೀರಿಯಾ ಬಿಸಿಯಲ್ಲಿ ಬದುಕಿದರೂ ನಾವು ನೀರು ಕುದಿಸುವುದು ವ್ಯರ್ಥವಲ್ಲ. ಥರ್ಮಸ್‌ಗೆ ನಮ್ಮ ಮೈಯ 37 ಡಿಗ್ರಿ ತೀರಾ ತಂಪು. ಅದು ಅಲ್ಲಿ ಬೆಳೆಯಲಾರದು. ನಮಗೆ ವಾಂತಿಭೇದಿ, ಟೈಫಾಯ್ಡ್ ತರುವ ಬ್ಯಾಕ್ಟೀರಿಯಾಗಳು ನೀರು ಚೆನ್ನಾಗಿ ಮರಳಿದಾಗ ಸಾಯುತ್ತವೆ.

2. ಆಂಟಿಬಯಾಟಿಕ್ ಮಾತ್ರೆ ಬ್ಯಾಕ್ಟೀರಿಯಾಕ್ಕೆ ಮಾತ್ರ ಮದ್ದು. ವೈರಸ್‌ನಿಂದ ಬರುವ ಡೆಂಗ್ಯೂ, ನೆಗಡಿಗಳಿಗೆ ಅದು ನಾಟುವುದಿಲ್ಲ. ಇಲಿಜ್ವರ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಅದಕ್ಕೆ ಸಕಾಲದಲ್ಲಿ ಕೊಟ್ಟ ಆಂಟಿಬಯಾಟಿಕ್ ಜೀವ ಉಳಿಸುತ್ತದೆ. ಎರಡೂ ಮಳೆಗಾಲದಲ್ಲಿ ಜ್ವರ, ಮೈಕೈ ನೋವಿನಿಂದಲೇ ಶುರುವಾಗುತ್ತವೆ. ಆದ್ದರಿಂದ ಗದ್ದೆಯ ಕೆಸರಿನಲ್ಲಿ ಇಳಿದವರು ಜ್ವರ ಬಂದರೆ ಅಂಗಡಿಯ ಮಾತ್ರೆ ನುಂಗದೆ ವೈದ್ಯರಲ್ಲಿಗೆ ಹೋಗಿ, ಕೆಸರಿಗೆ ಇಳಿದದ್ದನ್ನೂ ಹೇಳಿರಿ.

3. ಕೋಳಿ, ದನಗಳಿಗೆ ಬೇಕಾಬಿಟ್ಟಿ ಆಂಟಿಬಯಾಟಿಕ್ ಕೊಟ್ಟರೆ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಂಡು, ನಾಳೆ ನಮ್ಮ ಮಕ್ಕಳಿಗೇ ಮದ್ದು ನಾಟದೆ ಹೋದೀತು. ಈ ಕಾರಣಕ್ಕೇ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ ಸರಕಾರ 2019ರಲ್ಲಿ ನಿಷೇಧಿಸಿತು. ಮದ್ದು ಸೋತಲ್ಲಿ ಫೇಜ್‌ಗಳನ್ನು ಬಳಸುವ ಪ್ರಯತ್ನ ಜಾರ್ಜಿಯ ದೇಶದ ಟಿಬಿಲಿಸಿಯಲ್ಲಿ ಬಹುಕಾಲದಿಂದ ನಡೆದಿದೆ.

4. ಟೊಮೆಟೊ, ಮೆಣಸಿನಕಾಯಿಯ ಬ್ಯಾಕ್ಟೀರಿಯಾ ಚುಕ್ಕೆರೋಗಕ್ಕೆ ಫೇಜ್ ಸಿಂಪಡಣೆಯನ್ನು ಅಮೆರಿಕದಲ್ಲಿ 2005ರಲ್ಲಿ ನೋಂದಾಯಿಸಿದರು. ಒಂದು ಫೇಜ್ ತನಗೆ ಗೊತ್ತುಪಡಿಸಿದ ಬ್ಯಾಕ್ಟೀರಿಯಾವನ್ನು ಮಾತ್ರ ಹಿಡಿಯುತ್ತದೆ. ಆದ್ದರಿಂದ 'ಎಲ್ಲ ರೋಗಕ್ಕೂ ಒಂದೇ ಬಾಟ್ಲಿ' ಎಂದು ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಮೊದಲು ರೋಗ ಯಾವುದೆಂದು ತಿಳಿಯಿರಿ: ಶುಂಠಿ ಹಸಿರಿರುವಾಗಲೇ ಬಾಡಿಸುವುದು ಬ್ಯಾಕ್ಟೀರಿಯಾ, ಬಾಳೆಯ ಎಲೆಗಳನ್ನು ಗೊಂಚಲು ಮಾಡುವುದು, ಏಲಕ್ಕಿಗೆ ಕಟ್ಟೆರೋಗ ತರುವುದು ವೈರಸ್. ವೈರಸ್ ಹಿಡಿದ ಗಿಡವನ್ನು ಗುಣಪಡಿಸುವ ಸಿಂಪಡಣೆಯಿಲ್ಲ. ಅಂಥ ಗಿಡವನ್ನು ಬುಡಸಹಿತ ಕಿತ್ತು ನಾಶಮಾಡಿ, ಹೇನಿನ ಹಾವಳಿ ತಡೆದು, ರೋಗವಿಲ್ಲದ ಕಂದು ನೆಡುವುದೇ ದಾರಿ.

5. ಬಿಸಿಪ್ರಿಯ ಬ್ಯಾಕ್ಟೀರಿಯಾಗಳು ನಮ್ಮ ಕಾಂಪೋಸ್ಟ್ ರಾಶಿಯಲ್ಲೂ ಇವೆ. ರಾಶಿ 55ರಿಂದ 65 ಡಿಗ್ರಿಗೆ ಏರಿದಾಗ ಕಳೆಬೀಜಗಳೂ ಬಹಳಷ್ಟು ರೋಗಾಣುಗಳೂ ನಾಶವಾಗುತ್ತವೆ. ರಾಶಿಯಲ್ಲಿ ತೇವ ಇರಲಿ. ಹೊರಗಿನದು ಒಳಗೆ ಬರುವಂತೆ ಆಗಾಗ ಮಗುಚಿ ಹಾಕಿ.

ಕಣ್ಣಿಗೆ ಕಾಣದ್ದನ್ನೂ ಸರ್ವೇಶ್ವರ ಒಂದು ಕ್ರಮದಲ್ಲಿ ಇಟ್ಟಿದ್ದಾರೆ. ಆ ಕ್ರಮವನ್ನು ತಿಳಿದು ನಡೆಯುವುದು ಅವರು ಕೊಟ್ಟ ಬುದ್ಧಿಗೆ ನಾವು ಸಲ್ಲಿಸುವ ಗೌರವ.

ಮನೆಮಂದಿ ಕೂಡಿ ಚರ್ಚಿಸಲು

ಅ) ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಯಾರಿಗೆ, ಯಾವ ಜ್ವರಕ್ಕೆ, ಯಾರ ಸಲಹೆಯಂತೆ ಮಾತ್ರೆ ಕೊಟ್ಟೆವು?
ಆ) ನಮ್ಮ ತೋಟದ ರೋಗಗಳಲ್ಲಿ ಬ್ಯಾಕ್ಟೀರಿಯಾದ್ದು ಯಾವುದು, ವೈರಸ್‌ನದು ಯಾವುದು, ಶಿಲೀಂಧ್ರದ್ದು ಯಾವುದು?
ಇ) ಕೋಳಿಗೂಡಿನ, ದನದ ಕೊಟ್ಟಿಗೆಯ ಮದ್ದಿನ ಚೀಟಿಗಳನ್ನು ನಾವು ಓದಿ ನೋಡಿದ್ದೇವೆಯೇ?