ಹಳೆಯ ಟ್ರ್ಯಾಕ್ಟರ್ ಯಾಕೆ ನಿಲ್ಲುತ್ತದೆ?



ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಮೂಡಲಗಿ ಭಾಗದ ರಸ್ತೆಗಳ ಮೇಲೆ ಹಗಲು ರಾತ್ರಿ ಟ್ರ್ಯಾಕ್ಟರ್‌ಗಳದ್ದೇ ಸಪ್ಪಳ. ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಗಾಡಿ ದಾರಿಯಲ್ಲಿ ನಿಂತರೆ ಒಂದು ಟ್ರಿಪ್ ತಪ್ಪುತ್ತದೆ. ಕಡಿದ ಕಬ್ಬು ಒಣಗಿ ತೂಕ ಕಡಿಮೆಯಾಗುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಕತ್ತಲಲ್ಲಿ ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಬಡಿಯುವ ಮೋಟರ್‌ಸೈಕಲ್‌ನವರ ಜೀವದ ಪ್ರಶ್ನೆಯೂ ಇದೆ. ಆದ್ದರಿಂದ ಹಳೆಯ ಇಂಜಿನ್‌ನ ದೋಷ ಪತ್ತೆ ಹಚ್ಚುವುದು ಹೇಗೆಂದು ನಮ್ಮ ಕಾಕಾನ ಹತ್ತಿರ ನೋಡಿ ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಎಚ್.ಎಂ.ಟಿ. ಗಾಡಿ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸರ್ಕಾರಿ ಕಂಪನಿಯ ಕೈಗಡಿಯಾರ ಎಲ್ಲರಿಗೂ ಗೊತ್ತು. ಅದೇ ಕಂಪನಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ತಯಾರಿಸಿತು. ತಂತ್ರಜ್ಞಾನ ಆಗಿನ ಚೆಕೊಸ್ಲೊವಾಕಿಯಾದ ಜೆಟರ್ ಟ್ರ್ಯಾಕ್ಟರಿನದು. 2016ರಲ್ಲಿ ಕೇಂದ್ರ ಸರ್ಕಾರ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಇಂಥ ಗಾಡಿಯ ಇಂಜಿನ್ನನ್ನು ಸುಮ್ಮಸುಮ್ಮನೆ ಬಿಚ್ಚಿದರೆ ಖರ್ಚು ಬಹಳ.

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೀವು ನೋಡಿದ್ದೀರಿ. ಹಾಗೆಯೇ ಸಿಲಿಂಡರಿನೊಳಗೆ ಗಾಳಿಯನ್ನು ಸುಮಾರು 16ನೇ ಒಂದು ಭಾಗಕ್ಕೆ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುತ್ತದೆ. ಆಗ ಚಿಮ್ಮಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂದರೆ ಇಂಜಿನ್‌ಗೆ ಬೇಕಾದದ್ದು ಎರಡು: ಚೆನ್ನಾಗಿ ಒತ್ತಿದ ಗಾಳಿ, ಹೊತ್ತಿಗೆ ಸರಿಯಾಗಿ ಬರುವ ಡೀಸೆಲ್.

ಪಾನಾ ಹಿಡಿಯುವ ಮೊದಲು ಸೈಲೆನ್ಸರ್ ಕಡೆ ನೋಡಬೇಕು. ಸೆಲ್ಫ್ ಹೊಡೆದು ಇಂಜಿನ್ ತಿರುಗುತ್ತಿದ್ದರೂ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ ಎಂದು ತಿಳಿಯಬೇಕು. ಬಿಳಿ ಹೊಗೆ ಬಂದೂ ಚಾಲೂ ಆಗದಿದ್ದರೆ ಡೀಸೆಲ್ ಬರುತ್ತಿದೆ, ಹೊತ್ತುತ್ತಿಲ್ಲ. ಒಂದೋ ಚಳಿ, ಇಲ್ಲವೇ ಒತ್ತಡ ಕಡಿಮೆ. ಈ ಎರಡನ್ನೂ ಬೇರೆ ಮಾಡಿ ನೋಡದೆ "ಬೋರ್ ಹೋಗೇತಿ" ಅನ್ನುವವರೇ ಹೆಚ್ಚು.

ಹಳೆಯ ಗಾಡಿಗಳ ದೊಡ್ಡ ಕಾಟವೆಂದರೆ ಡೀಸೆಲ್ ದಾರಿಯಲ್ಲಿ ಗಾಳಿ ಸೇರುವುದು. ಒಂದು ಪ್ರಯೋಗ ಮಾಡಿ ನೋಡಿರಿ. ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ನೀರು ತುಂಬಿ, ತುದಿಗೆ ಬೆರಳು ಒತ್ತಿ ಹಿಡಿದು ತಳ್ಳಿದರೆ ಅದು ಜಗ್ಗುವುದಿಲ್ಲ. ಗಾಳಿ ತುಂಬಿ ತಳ್ಳಿದರೆ ಒಳಗೆ ಹೋಗುತ್ತದೆ. ಪಂಪಿನೊಳಗೂ ಹೀಗೆಯೇ. ಇಂಜೆಕ್ಟರ್ ತೆರೆಯಲು ಸುಮಾರು 200 ಬಾರ್ ಒತ್ತಡ ಬೇಕು. ಇದು ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಗಾಳಿಗಿಂತ ನೂರು ಪಟ್ಟಿಗೂ ಹೆಚ್ಚು. ಪೈಪಿನಲ್ಲಿ ಗುಳ್ಳೆ ಇದ್ದರೆ ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಒತ್ತುವುದರಲ್ಲೇ ಹೋಗುತ್ತದೆ, ಇಂಜೆಕ್ಟರ್ ತೆರೆಯುವುದೇ ಇಲ್ಲ.

ಕಳೆದ ಹಂಗಾಮಿನಲ್ಲಿ ಗುರ್ಲಾಪುರ ಕ್ರಾಸ್ ಹತ್ತಿರ ನಮ್ಮ ಗಾಡಿ ನಿಂತಾಗ ಒಬ್ಬ ಮಿಸ್ತ್ರಿ ಇಂಜಿನ್ ಬಿಚ್ಚಬೇಕು ಅಂದ. ಕಾಕಾ, "ತಡಿಯಪಾ, ಮೊದಲ ಗಾಳಿ ತಗದ ನೋಡೂಣು" ಅಂದರು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ ಕೈಪಂಪನ್ನು ಮೇಲೆ ಕೆಳಗೆ ಒತ್ತಿದರು. ಬುಸುಬುಸು ನೊರೆ ಬಂತು. ನೊರೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಬರುವ ತನಕ ಒತ್ತುತ್ತಲೇ ಇದ್ದು, ಹಾಗೆಯೇ ಸ್ಕ್ರೂ ಬಿಗಿದರು. ಆಮೇಲೆ ಪಂಪಿನ ಸ್ಕ್ರೂ ಹತ್ತಿರವೂ ಹೀಗೆಯೇ ಮಾಡಿದರು. ಗಾಡಿ ಚಾಲೂ ಆಯಿತು. ಗಾಳಿ ಸೇರಿದ್ದು ಪೈಪಿನ ಜೋಡಣೆಯಲ್ಲಿದ್ದ ಸವೆದ ತಾಮ್ರದ ವಾಶರಿನಿಂದ. ಅಲ್ಲಿ ಒಂದು ಹನಿ ಡೀಸೆಲ್ಲೂ ಸೋರಿರಲಿಲ್ಲ. ಯಾಕೆಂದರೆ ಪಂಪು ಡೀಸೆಲ್ಲನ್ನು ಎಳೆದುಕೊಳ್ಳುವ ಕಡೆ, ಅದರಲ್ಲೂ ಜಾಳಿಗೆ ಕಟ್ಟಿಕೊಂಡಿದ್ದಾಗ, ಹೊರಗಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಬರುವುದಿಲ್ಲ. ಸೋರುವ ಜಾಗವನ್ನಷ್ಟೇ ಹುಡುಕುವವರಿಗೆ ಈ ದೋಷ ಸಿಗುವುದೇ ಇಲ್ಲ.

ಇನ್ನೊಂದು ಮೋಜಿನ ದೋಷವಿದೆ. ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಚಹಾ ಕುಡಿದು ಬಂದರೆ ಮತ್ತೆ ಚಾಲೂ ಆಗುತ್ತದೆ! ಟ್ಯಾಂಕಿನ ಮುಚ್ಚಳ ತೆರೆದು ಕಿವಿಗೊಡಿರಿ. "ಸುಂಯ್" ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಸಣ್ಣ ತೂತು ಧೂಳಿನಿಂದ ಮುಚ್ಚಿದೆ. ಅದನ್ನು ಸ್ವಚ್ಛ ಮಾಡಿದರೆ ಆಯಿತು.

ಓಡುವ ಇಂಜಿನ್ ಕರಿ ಹೊಗೆ ಬಿಟ್ಟರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ. ಮೊದಲು ಏರ್ ಕ್ಲೀನರ್ ನೋಡಬೇಕು. ಕಬ್ಬಿನ ಹೊಲದ ಧೂಳಿಗೆ ಅದು ಬೇಗ ಕಟ್ಟುತ್ತದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಆಯಿಲ್ ಹಾಲುಚಹಾದಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ. ಆಗ ಗಾಡಿ ಚಾಲೂ ಮಾಡಲೇಬಾರದು, ಮಿಸ್ತ್ರಿಯನ್ನೇ ಕರೆಯಬೇಕು.

ನಮಗೆ ಲೈಸೆನ್ಸ್ ಇಲ್ಲ, ಗಾಡಿ ಹೊಡೆಯುವುದು ನಮ್ಮ ಕೆಲಸವಲ್ಲ. ನಿಂತು ನೋಡುವಾಗಲೂ ಫ್ಯಾನ್ ಬೆಲ್ಟಿನಿಂದ ದೂರ ಇರಿ. ಕಾದ ರೇಡಿಯೇಟರ್ ಮುಚ್ಚಳ ತಿರುವಬೇಡಿರಿ, ಕುದಿನೀರು ಮುಖಕ್ಕೆ ಹಾರುತ್ತದೆ. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲ್‌ಗೆ ಬೆರಳು ಒಡ್ಡಬೇಡಿರಿ. ಅದು ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಸಣ್ಣದಾಗಿ ಕಂಡರೂ ಕೂಡಲೇ ದವಾಖಾನೆಗೆ ಹೋಗಬೇಕು.

ಬ್ಯಾಟರಿ ಮತ್ತು ಸೆಲ್ಫ್ ವಿಷಯ ಮುಂದಿನ ಸಂಚಿಕೆಯಲ್ಲಿ.